ತೋಡು ಹಿಡಿದು ಇಳಿಯಬೇಡಿ

ಚಪ್ಪಲಿ ಬಿಡುವ ಮೊದಲೇ ಮಕ್ಕಳ ತಲೆ ಎಣಿಸುವುದನ್ನು ಕೊಲ್ಲಮೊಗ್ರು ಶಾಲೆಯ ಸೇವಂತಿ ಟೀಚರ್ ಒಂದು ದಿನವೂ ತಪ್ಪಿಸುವುದಿಲ್ಲ. ಆಮೇಲೆ, ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿಯ ಕಾದಂಬರಿಯನ್ನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನೆಲ ಸವೆಯುವಷ್ಟು ನಡೆಯುತ್ತ ಓದುತ್ತಾರೆ, ಅಪಾಯ ಬಂದಲ್ಲಿ, "ಈಗ ಎಂತ ಮಾಡುದು ಮಾರಾಯ್ರೆ?" ಎನ್ನುತ್ತಾರೆ. "ಮೊದಲು ನೀವು ಕೂತ್ಕೊಳ್ಳಿ ಟೀಚರ್, ನಮಗೆ ತಲೆ ತಿರುಗ್ತದೆ," ಎಂದು ಮಕ್ಕಳು ನಗುತ್ತಾರೆ. ಪರದೇಶದ ಆ ಹುಡುಗಿ ಹಳ್ಳದ ನೀರಿನ ಜಾಡು ಹಿಡಿದು ಊರು ಸೇರುವ ಪುಟದಲ್ಲಿ ಮಾತ್ರ ಟೀಚರ್ ನಿಂತುಬಿಡುತ್ತಾರೆ. "ನಮ್ಮ ಘಟ್ಟದ ತೋಡು ಬಂಡೆಯಿಂದ ಕೆಳಗೆ ಬೀಳುದು. ದಾರಿ ತಪ್ಪಿದ್ರೆ ಇದ್ದಲ್ಲೇ ಕೂತು ಕೂಗಿ." ಹಿಂದೊಮ್ಮೆ ದಾರಿ ತಪ್ಪಿ ತೋಡು ಹಿಡಿದು ಇಳಿದ ಅವರ ತಮ್ಮ ಜೀವಂತ ಮರಳಲಿಲ್ಲ. ಮೊನ್ನೆ ಪರಿಚಯದ ಅಧಿಕಾರಿಯೊಬ್ಬರು ಪುತ್ತೂರು ಪೇಟೆಗೆ ವರ್ಗ ಮಾಡಿಸಿಕೊಡುತ್ತೇನೆಂದರು. "ಬೇಡ ಸರ್," ಎಂದರು ಟೀಚರ್. "ನನ್ನ ಕ್ಲಾಸಿನ ಮೋಕ್ಷಿತಾ ಇನ್ನೂ ತೋಡು ಹಿಡಿದೇ ಇಳಿಯುದು ಅಂತಾಳೆ."