ಅವರು ಹೇಳುವ ನನ್ನ ಸಾಕ್ಷಿ

ಟಿ. ನರಸೀಪುರದ ಹತ್ತಿರವಿರುವ ನಮ್ಮೂರಿನ ಪ್ರಾರ್ಥನಾ ಮಂದಿರಕ್ಕೆ ನಾನು ಕಾಲಿಡದೆ ಇಪ್ಪತ್ತು ವರ್ಷವಾಯಿತು. ಆದರೂ ಕಳೆದ ವರ್ಷದವರೆಗೆ ಪ್ರತಿ ಭಾನುವಾರ ನಾನು ಅಲ್ಲಿರುತ್ತಿದ್ದೆ. ತಗಡಿನ ಸೂರಿನ ಕೆಳಗೆ, ಕಿವಿ ಕಿತ್ತುಹೋಗುವಂಥ ಸ್ಪೀಕರಿನಲ್ಲಿ ಪಾಸ್ಟರು ನನ್ನ ಸಾಕ್ಷಿ ಹೇಳುತ್ತಿದ್ದರು: ಫಿಟ್ಸ್ ಬರುತ್ತಿದ್ದ ಹುಡುಗಿ ಮಾತ್ರೆ ಬಿಸಾಡಿದಳು, ಪ್ರಾರ್ಥನೆಯಿಂದ ವಾಸಿಯಾದಳು. ಇಷ್ಟು ವರ್ಷದಲ್ಲಿ ಇನ್ನೊಬ್ಬರು ಯಾರೂ ವಾಸಿಯಾಗಲಿಲ್ಲವೋ ಏನೋ ಪಾಪ, ಹಳೇ ಪಾತ್ರೆಯ ಹಾಗೆ ನನ್ನನ್ನೇ ಉಜ್ಜಿ ಉಜ್ಜಿ ತೋರಿಸುತ್ತಿದ್ದರು.

ಬಿಸಾಡಿದ್ದು ನಿಜ. ಹತ್ತು ವರ್ಷದವಳಿದ್ದೆ. ಹೊಳೆದಂಡೆಯಲ್ಲಿ ಎಲ್ಲರೆದುರು ನನ್ನ ಕೈಯಿಂದಲೇ ನೀರಿಗೆ ಹಾಕಿಸಿ, ಮಂದಿರಕ್ಕೆ ಕರೆತಂದು ಮೈಕಿನಲ್ಲಿ ಸ್ತೋತ್ರ ಹೇಳಿಸಿದರು. ಮೂರನೇ ವಾರ ಶಾಲೆಯ ಕೊಳಾಯಿ ಹತ್ತಿರ ಬಿದ್ದು ತುಟಿ ಸೀಳಿಕೊಂಡೆ. ಮನೆಯಲ್ಲಿ ಯಾರೋ ಪಾಪ ಬಚ್ಚಿಟ್ಟಿದ್ದಾರೆ ಎಂದರು ಪಾಸ್ಟರು. ಅವ್ವ ಉಪವಾಸ ಕೂತಳು. ಆ ಮಹಾನುಭಾವರಿಗೆ ಮಾತ್ರ ನೆಗಡಿಯಾದರೂ ಮೈಸೂರಿನ ಡಾಕ್ಟರೇ ಆಗಬೇಕಿತ್ತು.

ಹತ್ತೊಂಬತ್ತಕ್ಕೆ ಮಂದಿರವನ್ನೂ ಊರನ್ನೂ ಬಿಟ್ಟು ನಂಜನಗೂಡು ಸೇರಿ ನಾನೂ ಡಾಕ್ಟರ ಹತ್ತಿರ ಹೋದೆ. ಅಂದಿನಿಂದ ದಿನಕ್ಕೆರಡು ಮಾತ್ರೆ. ಬೀಳುವುದು ನಿಂತಿತು. ಅದೂ ತಮ್ಮ ಪ್ರಾರ್ಥನೆಯ ಫಲವೆಂದೇ ಪಾಸ್ಟರು ಸಾರಿದರು.

ಸಹಿಸಿಕೊಂಡಿದ್ದು ಅವ್ವನಿಗಾಗಿ. ಊರಿನ ಯಾವ ಸಭೆಯಲ್ಲೂ ಅವಳಿಗೆ ಮುಂದೆ ಜಾಗ ಸಿಕ್ಕಿದ್ದಿಲ್ಲ. ಮಂದಿರದಲ್ಲಿ ವಾಸಿಯಾದವಳ ತಾಯಿ ಎಂದು ಮೊದಲ ಸಾಲಿನಲ್ಲಿ ಕುರ್ಚಿ ಹಾಕುತ್ತಿದ್ದರು. ಒಂದು ಪ್ಲಾಸ್ಟಿಕ್ ಕುರ್ಚಿ. ಅದಕ್ಕಾಗಿ ನಾನು ನಂಜನಗೂಡಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಕಳೆದ ವರ್ಷ ಒಂದು ಮಧ್ಯಾಹ್ನ ಪರಿಚಯವಿಲ್ಲದ ಹೆಂಗಸೊಬ್ಬಳು ಫೋನ್ ಮಾಡಿದಳು. ನಂಬರ್ ಅವ್ವನೇ ಕೊಟ್ಟಿದ್ದಳಂತೆ, ನಾನು ಧೈರ್ಯ ಹೇಳಲಿ ಎಂದು.

"ಅಕ್ಕ, ನನ್ ಮಗೀಗೂ ಫಿಟ್ಸ್ ಬತ್ತದೆ. ಪಾಸ್ಟರು ಏಳುದ್ರು ಅಂತ ಮಾತ್ರೆ ನಿಲ್ಸಿ ನಾಕು ದಿನ ಆಯ್ತು. ನೆನ್ನೆ ಎರಡ್ ಸಲ ಬಿದ್ಲು. ನಿಮ್ಗೆ ವಾಸಿಯಾಗಕೆ ಎಷ್ಟು ದಿನ ಇಡೀತು?"

"ನಾನು ಇವತ್ತು ಬೆಳಿಗ್ಗೆನೂ ಮಾತ್ರೆ ನುಂಗಿದ್ದೀನಿ ಕಣವ್ವ. ಈಗ್ಲೇ ಮಗೀನ ಆಸ್ಪತ್ರೆಗೆ ಕರ್ಕೊಂಡೋಗು," ಎಂದೆ. ನಂಬಲಿ ಎಂದು ನನ್ನ ಮಾತ್ರೆಗಳ ಫೋಟೋ ಕಳಿಸಿದೆ. ಸಂಜೆ ಅವಳು ಆಸ್ಪತ್ರೆಯಿಂದ ಫೋನ್ ಮಾಡುವವರೆಗೆ ಅಡುಗೆಮನೆಗೂ ಬಾಗಿಲಿಗೂ ತಿರುಗಿದ್ದೇ ತಿರುಗಿದ್ದು. ಮಗುವಿಗೆ ಮತ್ತೆ ಮಾತ್ರೆ ಶುರುಮಾಡಿದ್ದರು.

ಆಮೇಲೆ ಪಾಸ್ಟರಿಗೆ ಫೋನ್ ಮಾಡಿದೆ. ಇನ್ನೊಂದು ಸಲ ನನ್ನ ಮಾತೆತ್ತಿದರೆ ಭಾನುವಾರವೇ ಮಾತ್ರೆ ಹಿಡಿದು ಬಂದು ಮೈಕಿನ ಮುಂದೆ ನಿಲ್ಲುತ್ತೇನೆ ಎಂದೆ.

"ಸಿಸ್ಟರ್, ಸೈತಾನ ನಿಮ್ ಬಾಯಲ್ಲಿ ಮಾತಾಡ್ತಿದ್ದಾನೆ."

"ಸೈತಾನಂಗೆ ನೂರು ಕೆಲ್ಸ ಇರ್ತವೆ. ನಾನೇ ಮಾತಾಡ್ತಿರೋದು," ಎಂದು ಕಟ್ ಮಾಡಿದೆ. ಅಷ್ಟು ವರ್ಷ ನನ್ನನ್ನು ನಡುಗಿಸಿದವನು ಇಷ್ಟೇನಾ! ಇಂಥವನಿಗೆ ಹೆದರಿದ್ದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ತಿಂಗಳಾದ ಮೇಲೆ ಅವ್ವ ಬಸ್ಸಿಳಿದು ಮನೆಗೆ ಬಂದಳು. ಮಂದಿರದಲ್ಲಿ ನನ್ನ ಸಾಕ್ಷಿ ನಿಂತಿತ್ತು, ಅದರ ಜೊತೆ ಅವಳ ಕುರ್ಚಿಯೂ ಹೋಗಿತ್ತು. ಈಗ ಹಿಂದೆ, ಚಪ್ಪಲಿ ಬಿಡುವ ಕಡೆ ಕೂರಿಸುತ್ತಾರಂತೆ. ದೇವರ ಸೇವಕರ ದೊಡ್ಡತನ ಅಷ್ಟು.

"ಒಂದ್ಸಲ ಬಂದು ನಿಂತ್ಕೊ ಮಗ. ಮಾತೇ ಆಡ್ಬೇಡ. ಅಷ್ಟು ಮಾಡುದ್ರೆ ಸಾಕು."

"ನೀನು ಯಾವಾಗಾದ್ರೂ ಬಾ, ಎಷ್ಟು ದಿನಾದ್ರೂ ಇರು. ಆ ಮಂದಿರದ ಮಾತು ಮಾತ್ರ ಈ ಮನೇಲಿ ಬೇಡ. ನಾನು ಅಲ್ಲಿಗೆ ಬರಲ್ಲ."

ಅವ್ವನ ಕಣ್ಣು ತುಂಬಿತು. ಆದರೂ ನಾನು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಅಂಗಾರೆ ನೀನು ವಾಸಿಯಾಗಿದ್ದು ಸುಳ್ಳಾ?"

"ವಾಸಿಯಾಗಿಲ್ಲ ಕಣವ್ವ. ಚೆನ್ನಾಗಿದ್ದೀನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮೂವತ್ತು ವರ್ಷದಲ್ಲಿ ಮೊದಲ ಸಲ, ನನ್ನ ಕಾಯಿಲೆಯ ಬಗ್ಗೆ ಪಾಸ್ಟರನ್ನು ಬಿಟ್ಟು ನನ್ನನ್ನು ಕೇಳಿದಳು:

"ಆ ಮಾತ್ರೆ ತಿಂದ್ರೆ ತಲೆ ಸುತ್ತದೇನವ್ವ?"