ಮೋಲ್ಡ್ ನಿಲ್ಲಿಸಿದ ಮುನಿಲಕ್ಷ್ಮಮ್ಮ

ಬೆಳಗಿನ ಆರು ಗಂಟೆ. ಬಸವೇಶ್ವರನಗರದ ಹೊಸ ಬಡಾವಣೆಯಲ್ಲಿ ಅರ್ಧ ಎದ್ದ ಮನೆಯ ಮುಂದೆ ಹದಿನೆಂಟು ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಸಿಂಬಿ ಇಟ್ಟುಕೊಂಡು ನಿಂತಿದ್ದಾರೆ. ಇವತ್ತು ತಾರಸಿಗೆ ಮೋಲ್ಡ್. ಕಾಂಕ್ರೀಟ್ ಕಲಸುವವರೂ ಸಿದ್ಧ. ಆದರೆ ಯಾರೂ ಬಾಂಡ್ಲಿ ಮುಟ್ಟುವ ಹಾಗಿಲ್ಲ. ಅವರ ಮುಂದಾಳು ಮುನಿಲಕ್ಷ್ಮಮ್ಮ ಇನ್ನೂ ಒಳಗಿದ್ದಾರೆ. ತಾರಸಿಯ ಭಾರ ಹೊರಬೇಕಾದ ಸರ್ವೆ ಮರದ ಕಂಬಗಳನ್ನು ಒಂದೊಂದಾಗಿ ಅಲ್ಲಾಡಿಸಿ, ಬುಡದ ಮಣ್ಣನ್ನು ಹಿಮ್ಮಡಿಯಿಂದ ಒತ್ತಿ ನೋಡುತ್ತಿದ್ದಾರೆ.

"ಬಾರಕ್ಕೋ, ಬಿಸಿಲೇರ್ತದೆ!" ಹೊರಗಿನಿಂದ ಯಾರೋ ಕೂಗುತ್ತಾರೆ.

ಅವರು ಅವಸರ ಮಾಡುವುದಿಲ್ಲ. ಕೊನೆಯ ಕಂಬ ನೋಡಿದ ಮೇಲೆಯೇ ಹೊರಗೆ ಬಂದು, ಇಟ್ಟಿಗೆಯ ಮೇಲೆ ಕರ್ಪೂರ ಹಚ್ಚಿ, ಕಣ್ಣು ಮುಚ್ಚಿ ಮಾರಮ್ಮನಿಗೆ ಕೈ ಮುಗಿಯುತ್ತಾರೆ. "ಸರಿ, ಹೊತ್ಕೊಳ್ರಮ್ಮ."

ಸಾಲು ಏಣಿ ಹತ್ತತೊಡಗುತ್ತದೆ. ಸಂಜೆಯೊಳಗೆ ಒಬ್ಬೊಬ್ಬರು ಇನ್ನೂರು ಬಾಂಡ್ಲಿ ಹೊರಬೇಕು. ನಡುವೆ ನಿಲ್ಲಿಸಿದರೆ ತಾರಸಿ ಸೋರುತ್ತದೆ.

ಕುರುಬರಹಳ್ಳಿಯ ಮುನಿಲಕ್ಷ್ಮಮ್ಮನಿಗೆ ಈಗ ಐವತ್ತರ ಆಸುಪಾಸು. ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಗೆ ಹೋಯಿತು. ಅದರ ಹಿಂದೆಯೇ ಗಂಡ ತೀರಿಕೊಂಡ. ಅಂದಿನಿಂದ ಗಾರೆ ಕೆಲಸ. ಮಂಗಳವಾರ, ಶುಕ್ರವಾರ ಊರಿನ ಪುಟ್ಟ ಮಾರಮ್ಮನ ಗುಡಿಯಲ್ಲಿ ಪೂಜೆಯೂ ಅವರದೇ. ಈ ಹೆಂಗಸರು ಅವರ ಹಿಂದೆ ಬಂದದ್ದು ಗುಡಿಯ ಬಾಗಿಲಿಂದಲೇ.

ಕಂಬ ನೋಡುವ ಅಭ್ಯಾಸಕ್ಕೆ ಮಾತ್ರ ಬೇರೆ ಕಾರಣವಿದೆ. ಹನ್ನೆರಡು ವರ್ಷದ ಹಿಂದೆ ರಾಜಾಜಿನಗರದ ಒಂದು ಕಟ್ಟಡದಲ್ಲಿ ಕೆಲಸದವರು ನಿಲ್ಲುವ ಸಾರುವೆಯ ಹಗ್ಗ ಸಡಿಲಾಗಿತ್ತು. ಹಲಗೆ ಜಾರಿ, ಜೊತೆಗಾತಿ ಲಿಂಗಮ್ಮ ಎರಡನೇ ಅಂತಸ್ತಿನಿಂದ ಬಿದ್ದರು. ಮತ್ತೆ ಏಳಲಿಲ್ಲ.

"ಆ ಹಗ್ಗ ಬೆಳಗ್ಗೇನೇ ಕಂಡಿದ್ದೆ," ಎನ್ನುತ್ತಾರೆ ಮುನಿಲಕ್ಷ್ಮಮ್ಮ. "ಹೇಳಿದ್ರೆ ಮೇಸ್ತ್ರಿ ನಾಳೆಯಿಂದ ಬರಬೇಡ ಅಂತಾನೆ ಅಂತ ಸುಮ್ಮನಿದ್ದೆ. ಅವತ್ತೂ ಕರ್ಪೂರ ಹಚ್ಚಿದ್ದೆ ನಾನು."

ಹೋದ ವರ್ಷ, ೧೯೭೬ರ ಕಾರ್ತಿಕದಲ್ಲಿ, ಸರ್ಕಾರಿ ಕಚೇರಿಯ ಗುಮಾಸ್ತ ಪದ್ಮನಾಭರಾಯರ ಮನೆಗೆ ಮೋಲ್ಡ್ ಇತ್ತು. ಹಿಂದಿನ ಎರಡು ದಿನ ಬಿಡದೆ ಮಳೆ. ಒಳಗೆ ಹೊಸದಾಗಿ ತುಂಬಿದ ಮಣ್ಣು ಹಿಮ್ಮಡಿ ಇಟ್ಟರೆ ಕುಸಿಯುತ್ತಿತ್ತು. ಕಂಬಗಳು ಹೂತುಹೋಗದಂತೆ ಕೆಳಗೆ ಇಡಬೇಕಾದ ಹಲಗೆ ಇರಲಿಲ್ಲ. "ಇಪ್ಪತ್ತು ವರ್ಷದಿಂದ ಹಿಂಗೇ ನಿಲ್ಲಿಸ್ತಿದೀನಿ, ನೀನು ಬಾಂಡ್ಲಿ ಹೊರು," ಎಂದ ಬಡಗಿ.

"ಮುಹೂರ್ತ ಮೀರ್ತಿದೆ ಕಣಮ್ಮಾ," ರಾಯರು ಚಡಪಡಿಸಿದರು. "ನೀನೇ ಪೂಜೆ ಮಾಡಿದೀಯಲ್ಲ, ಇನ್ನೇನು ಭಯ?"

"ಮಾಡಿದೀನಿ ಸ್ವಾಮಿ, ಅದಕ್ಕೇ ಹೇಳ್ತಿರೋದು. ಅಮ್ಮನ್ನ ಸಾಕ್ಷಿಗೆ ಕರೆದು, ನಾನು ಕಣ್ಣು ಮುಚ್ಕೊಂಡು ಇವರನ್ನ ಮೇಲೆ ಹತ್ತಿಸೋಕಾಗಲ್ಲ. ಇವತ್ತು ಮೋಲ್ಡ್ ಬೇಡ."

ರಾಯರು ಸಿಟ್ಟಾದರು. ಅದಕ್ಕಿಂತ ಹೆಚ್ಚು ಸಿಟ್ಟಾದದ್ದು ಹೆಂಗಸರು. ದಿನದ ಕೂಲಿ ಹೋಯಿತು. ಹಿತ್ತಿಲಲ್ಲಿ ಬೇಯುತ್ತಿದ್ದ ಪಾಯಸದ ಊಟವೂ ಹೋಯಿತು. "ನಿನ್ನ ಭಕ್ತಿಗೆ ನಮ್ಮ ಮಕ್ಕಳು ಉಪವಾಸ ಇರಬೇಕಾ?" ಎಂದು ಚಿಕ್ಕಗಂಗಮ್ಮ ಸಿಂಬಿಯನ್ನು ನೆಲಕ್ಕೆ ಬಿಸಾಡಿ ಹೊರಟರು. ಅವರ ಹಿಂದೆ ಇನ್ನೂ ಆರು ಜನ ಹೋದರು.

ಮಣ್ಣು ಆರಿತು. ಗೊಣಗಿಕೊಂಡೇ ಬಡಗಿ ಹಲಗೆ ಕೊಟ್ಟ. ಮೂರು ದಿನದ ಮೇಲೆ ಮೋಲ್ಡ್ ಆಯಿತು, ಕೂದಲೆಳೆಯಷ್ಟೂ ಬಿರುಕಿಲ್ಲ. "ಏನಾಯ್ತು? ಸುಮ್ಮನೆ ಹೆದರಿಸಿದಳು," ಎಂದು ಊರಲ್ಲಿ ನಕ್ಕರು.

"ಅವತ್ತೇ ಹಾಕಿದ್ರೆ ಬೀಳ್ತಿತ್ತೋ ಇಲ್ವೋ, ನಂಗೂ ಗೊತ್ತಿಲ್ಲ," ಎಂದು ಒಪ್ಪಿಕೊಳ್ಳುತ್ತಾರೆ ಮುನಿಲಕ್ಷ್ಮಮ್ಮ. "ಪರೀಕ್ಷೆ ಮಾಡೋಕೆ ಹೆಣ್ಮಕ್ಕಳ ಜೀವಾನೇ ಸಿಕ್ಕಿತಾ?"

ಆಮೇಲಿನ ನಾಲ್ಕು ತಿಂಗಳು ಅವರಿಗೆ ಯಾರೂ ಮೋಲ್ಡ್ ಕೆಲಸ ಕೊಡಲಿಲ್ಲ. ವಿಜಯನಗರದಲ್ಲಿ ಬೇರೆ ಮೇಸ್ತ್ರಿಯ ಕೈಕೆಳಗೆ ಮರಳು ಜರಡಿ ಹಿಡಿದರು. ಶುಕ್ರವಾರ ಗುಡಿಯಲ್ಲಿ ಕೆಲವರು ಮುಖ ತಿರುಗಿಸಿಕೊಂಡು ಹೋದರು. ಮುನಿಲಕ್ಷ್ಮಮ್ಮ ಅವರಿಗೂ ಕುಂಕುಮ ಎತ್ತಿಟ್ಟು ಕಳಿಸಿದರು.

ಯುಗಾದಿಗೆ ಎರಡು ವಾರವಿದ್ದಾಗ ಚಿಕ್ಕಗಂಗಮ್ಮ ಮನೆ ಬಾಗಿಲಿಗೆ ಬಂದರು. ತಂಗಿಯನ್ನೂ ಕರೆತಂದಿದ್ದರು. ಯಾಕೆ ವಾಪಸ್ ಬಂದಿರಿ ಎಂದು ಇವತ್ತು ಕೇಳಿದರೆ ಅವರು ಏಣಿಯ ಕಡೆ ಕೈ ತೋರಿಸುತ್ತಾರೆ: "ಬೇರೆ ಮೇಸ್ತ್ರಿ ಹತ್ರ ಅಕ್ಕ ಅಕ್ಕ ಅಂತ ಚೆನ್ನಾಗೇ ಮಾತಾಡಿಸ್ತಿದ್ರು. ಆದ್ರೆ ನಾವು ಹತ್ತೋಕೆ ಮುಂಚೆ ಕೆಳಗೆ ನೋಡೋರು ಒಬ್ರೂ ಇರಲಿಲ್ಲ." ಹೋದವರು ಒಬ್ಬೊಬ್ಬರಾಗಿ ವಾಪಸಾದರು.

ಇವತ್ತು ಮೋಲ್ಡ್ ಆಗುತ್ತಿರುವುದು ಪದ್ಮನಾಭರಾಯರ ಭಾವಮೈದುನನ ಮನೆಗೆ. "ಮುನಿಲಕ್ಷ್ಮಮ್ಮ ಸರಿ ಅಂದಮೇಲೇ ಮುಹೂರ್ತಕ್ಕೆ ಜೋಯಿಸರ ಹತ್ರ ಹೋಗು ಅಂದಿದೀನಿ," ಎನ್ನುತ್ತಾರೆ ರಾಯರು.

ಸಂಜೆ ಕೊನೆಯ ಬಾಂಡ್ಲಿ ಮೇಲೇರುತ್ತದೆ. ಹೆಂಗಸರು ಜಲ್ಲಿಯ ಪಕ್ಕ ಕಾಲು ಚಾಚಿ ಕುಳಿತು, ಏಣಿಯ ಮೇಲೆ ಮಾತಾಡಲೂ ಬಿಡದ ಮುಂದಾಳನ್ನು ಬಾಯ್ತುಂಬ ಬೈದುಕೊಳ್ಳುತ್ತಿದ್ದಾರೆ. ಕೇಳಿಸಲಿ ಎಂದೇ ಜೋರಾಗಿ. ಮುನಿಲಕ್ಷ್ಮಮ್ಮ ನೀರಿನ ತೊಟ್ಟಿಯಲ್ಲಿ ಕೈ ತೊಳೆಯುತ್ತಾ ನಗುತ್ತಾರೆ.

"ಬೈಕೊಳ್ಳಲಿ ಬಿಡಿ. ಬೈಯೋಕೆ ಎಲ್ರೂ ಇದಾರಲ್ಲ, ಅಷ್ಟು ಸಾಕು."