ಎರಡು ಒಲೆ, ಒಂದು ಕೋಲು

ಹೋದ ವರ್ಷ ನಾನು ಒಂದು ಒಲೆಗೆ ಸಾಕ್ಷಿ ಸಹಿ ಹಾಕಿದೆ. (ಮದುವೆಗೆ, ಜಮೀನಿಗೆ ಹಾಕಿದ್ದುಂಟು. ಒಲೆಗೆ ಇದೇ ಮೊದಲು.)

ಒಲೆ ಜಯಮ್ಮನದು. ದಂಡಿನಶಿವರದ ಹತ್ತಿರ ನಮ್ಮ ತೋಟದ ಪಕ್ಕದಲ್ಲೇ ಅವರ ಮನೆ. ಗಂಡ ಇಲ್ಲ. ಕಾಯಿ ಸುಲಿಯುವ ಕೂಲಿ. ಹಂಚು ಅರ್ಧ ಜಾರಿದೆ, ಗೋಡೆ ವಾಲಿದೆ. ಸರ್ಕಾರದ ವಸತಿ ಯೋಜನೆಗೆ ಇವರಲ್ಲದೆ ಇನ್ಯಾರು ಅರ್ಹರು?

ಆದರೆ ಅರ್ಜಿ ರಿಜೆಕ್ಟ್ ಆಯಿತು. ಕಾರಣ, ತಮ್ಮ ನಿಂಗರಾಜ. ಅವ್ವ ಹೋದಮೇಲೆ ಜಯಮ್ಮನೇ ಸಾಕಿದ ಹುಡುಗ, ಈಗ ಹೈಸ್ಕೂಲಿನಲ್ಲಿ ಅಟೆಂಡರ್. ಮನೆಯಲ್ಲಿ ಸಂಬಳದವನು ಇದ್ದರೆ ಅಕ್ಕನೂ ಅನುಕೂಲಸ್ಥೆ ಅಂತ ಲೆಕ್ಕ. (ಅವನೇ ಹಂಚು ಹೊದಿಸಬಹುದಿತ್ತಲ್ಲ ಅನ್ನುತ್ತೀರಾ? ಗೋಡೆಯೇ ನಿಲ್ಲದ ಮನೆಗೆ ಹಂಚು ಹೊದಿಸಿ ಏನು ಮಾಡುವುದು?)

"ಒಲೆ ಬೇರೆ ಇದ್ರೆ ಕುಟುಂಬನೂ ಬೇರೆ ಕಣಮ್ಮ" ಅಂತ ಯಾರೋ ಹೇಳಿಕೊಟ್ಟರು.

ಸರಿ, ಹಜಾರದ ಮೂಲೆಯಲ್ಲಿ ಇನ್ನೊಂದು ಒಲೆ ಎದ್ದಿತು, ಹೊಸ ಅರ್ಜಿಯೂ ಹೋಯಿತು. ಇನ್ಸ್‌ಪೆಕ್ಷನ್ ದಿನ ಎರಡಕ್ಕೂ ತೆಂಗಿನ ಮಟ್ಟೆ ತುರುಕಿ ಉರಿ ಹಚ್ಚಿದರು. ಬಂದ ಸಾಹೇಬರು ನಮ್ಮ ಕಡೆಯವರೇ. ಒಲೆ ನೋಡಲೇ ಇಲ್ಲ, ಗೋಡೆಗೆ ಸಿಕ್ಕಿಸಿದ್ದ ಸಾಮಾನು ನೋಡಿದರು.

"ಒಲೆ ಎಲ್ಡು ಅಂತೀರಿ. ಮುದ್ದೆ ತಿರುವೋ ಕೋಲು ಒಂದೇ ಐತಲ್ಲಮ್ಮ?"

ಸಾಕ್ಷಿಯಾಗಿ ನಿಂತಿದ್ದ ನಾನು ಸೂರಿನ ಕಡೆ ನೋಡಿದೆ. ಆಕಾಶ ಕಂಡಿತು.

"ಹದಿನೈದು ದಿನ ಬುಟ್ಟು ಬತ್ತೀನಿ" ಎಂದು ಅವರು ಹೊರಟರು.

ಕೋಲು ತರುವುದೇನು ದೊಡ್ಡ ಕೆಲಸ? ಸಂತೆಯಲ್ಲಿ ಸಿಗುತ್ತದೆ. ಆದರೆ ಮತ್ತೆ ಸಿಕ್ಕಿಬೀಳಬಾರದೆಂದು ಅಕ್ಕ ತಮ್ಮ ನಿಜವಾಗಿಯೇ ಬೇರೆ ಬೇರೆ ಬೇಯಿಸಿಕೊಳ್ಳತೊಡಗಿದರು. ಸಾಹೇಬರು ಎರಡನೇ ಸಲ ಬಂದಾಗ ಕೋಲು ಎರಡು, ಪಾತ್ರೆ ಎರಡು, ಉಪ್ಪಿನ ಡಬ್ಬಿಯೂ ಎರಡು. ನಾನು ನಿಶ್ಚಿಂತೆಯಿಂದ ಸಹಿ ಹಾಕಿದೆ. ಸುಳ್ಳೇನೂ ಇರಲಿಲ್ಲವಲ್ಲ?

ಮನೆ ಮಂಜೂರಾಯಿತು. ಹಿತ್ತಲಲ್ಲಿ ಹೊಸ ಗೋಡೆ ಎದ್ದಿದೆ. ಮೊನ್ನೆ ಹೋದಾಗ ನಿಂಗರಾಜ ತನ್ನ ಒಲೆಯ ಮುಂದೆ ಒಬ್ಬನೇ ಕೂತು ಗಂಟುಗಂಟಾದ ಮುದ್ದೆ ನುಂಗುತ್ತಿದ್ದ.

"ಇನ್ನೂ ಯಾಕಮ್ಮ ಈ ನಾಟಕ?" ಎಂದೆ.

"ಮನೆ ಮುಗಿಯಗಂಟ ಇರ್ಲಿ ಕಣಣ್ಣ. ಯಾವಾಗ ಬಂದು ನೋಡ್ತಾರೋ" ಎಂದ ಜಯಮ್ಮ ದನಿ ತಗ್ಗಿಸಿದರು. "ಈಗ ನಾನೊಂದು ಮುದ್ದೆ ಇಕ್ಕಕ್ಕೆ ಹೋದ್ರೆ, ಬ್ಯಾಡ ಬುಡಕ್ಕ, ನಂದೈತೆ ಅಂತಾನೆ. ಮುಂಚೆ ಅಂಗನ್ನೋನಲ್ಲ."

ನನಗೆ ಬೇಜಾರಾಯಿತು. ಏನಾದರೂ ಹೇಳೋಣವೆಂದರೆ ಅಷ್ಟರಲ್ಲಿ ಗಾರೆ ಮೇಸ್ತ್ರಿ ಹಿತ್ತಲಿಂದ ಕೂಗಿದ.

"ಅಕ್ಕಾ, ಅಡ್ಗೆಮನೇಲಿ ಒಲೆ ಒಂದು ಮಾಡ್ಲಾ, ಎಲ್ಡು ಮಾಡ್ಲಾ?"

ಜಯಮ್ಮ ತಮ್ಮನನ್ನು ನೋಡಿದರು. ತಮ್ಮ ತಟ್ಟೆ ನೋಡಿದ. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು.

ಸಹಿ ಹಾಕಿದವನು ನಾನೇ ತಾನೆ, ಏನು ಹೇಳಲಿ?